ಸ್ಟೀರಿಂಗಿನ ಅಂಟು

ಹಿನಕಲ್, ಮೈಸೂರು
೯ ನವೆಂಬರ್ ೨೦೨೫

ಪ್ರೀತಿಯ ಸುಚಿಗೆ,

ನಿನ್ನ ಚಾಮಿಯ ನೆನಪುಗಳು. ಬೈಗುಳ ಕಳಿಸುವ ತೊಂದರೆ ತೆಗೆದುಕೊಳ್ಳಬೇಡ, ಅದನ್ನು ಮೊದಲೇ ಸ್ವೀಕರಿಸಿ ತಲೆಯ ಮೇಲಿಟ್ಟುಕೊಂಡಿದ್ದೇನೆ. ನಿನ್ನ ಕಾಗದ ದಸರೆಗೂ ಮುಂಚೆ ಬಂದಿತ್ತು. ದೇವರ ಗೂಡಿನಲ್ಲಿ ಇಟ್ಟಿದ್ದೆ. ದಿನಾ ದೀಪ ಹಚ್ಚುವಾಗ ಅದಕ್ಕೂ ಒಂದು ಕೈ ಮುಗಿದು ಬರುತ್ತಿದ್ದೆನೇ ಹೊರತು ಉತ್ತರ ಬರೆಯಲಿಲ್ಲ. ಫೋನ್ ಮಾಡೋಣವೆಂದರೆ, ಆ ಕಿವಿಯ ಮಿಷನ್ ಹಾಕಿಕೊಂಡ ಮೇಲೂ ನಾನು "ಊಟ ಆಯ್ತಾ" ಅಂದರೆ ನೀನು "ಅಯ್ಯೋ, ಯಾರು ಹೋದ್ರು?" ಅನ್ನುತ್ತೀಯ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ನನ್ನ ಬೆರಳಲ್ಲಿ ಒಂದಕ್ಷರ ಒತ್ತಿದರೆ ಪಕ್ಕದ ಅಕ್ಷರಗಳೂ ಜೊತೆಗೆ ಎದ್ದು ಬರುತ್ತವೆ. ನಮ್ಮಿಬ್ಬರಿಗೂ ಕಾಗದವೇ ವಾಸಿ.

ಮಂಡಿ ಆಪರೇಷನ್ ಆದಮೇಲೆ ನಡೆಯುತ್ತಿದ್ದೀಯಾ? ದಾವಣಗೆರೆಯ ಬಿಸಿಲಿಗೆ ಮಹಡಿ ಮೇಲೆ ಸಂಡಿಗೆ ಒಣಹಾಕಲು ಹೋಗಬೇಡ. ಹೋಗಬೇಡ ಅಂದದ್ದಕ್ಕೇ ಹೋಗುವವಳು ನೀನು, ಆದರೂ ಹೇಳುವುದು ನನ್ನ ಧರ್ಮ.

ಇವರು ಹೇಗಿದ್ದಾರೆ ಎಂದು ಕೇಳಿ ಬರೆದಿದ್ದೀಯ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಬಿ.ಪಿ. ಹದವಾಗಿದೆ. ಮರೆವು ಮಾತ್ರ ಹೋದ ವರ್ಷಕ್ಕಿಂತ ಜಾಸ್ತಿಯಾಗಿದೆ. ಒಂದು ದಿನ ಹಿನಕಲ್ ಸರ್ಕಲ್‌ವರೆಗೆ ಹೋಗಿ ದಾರಿ ತಪ್ಪಿಸಿಕೊಂಡರು. ನಮ್ಮ ಬೀದಿಯ ಹಾಲಿನ ಬೂತಿನವರು ನೋಡಿ ಕೈಹಿಡಿದು ಕರೆದುಕೊಂಡು ಬಂದರು. ಧರಣಿ ಆಸ್ಪತ್ರೆ ಡ್ಯೂಟಿ ಮುಗಿಸಿ ಅದೇ ನರ್ಸ್ ಬಟ್ಟೆಯಲ್ಲಿ ಮನೆಗೆ ಬಂದರೆ, ತೋಳು ಚಾಚಿ "ಇಂಜೆಕ್ಷನ್ ಮೆಲ್ಲಗ್ ಕೊಡಿ ಸಿಸ್ಟರ್" ಅಂದರು. ನಮ್ಮ ಮಗಳು ನಕ್ಕಳು. ಆಮೇಲೆ ಕೈ ತೊಳೆಯುವ ನೆಪ ಮಾಡಿಕೊಂಡು ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಸಂಜೆಯಾಯಿತೆಂದರೆ ಇವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ. "ಹೊತ್ತಾಯ್ತು, ಮನೇಗ್ ಹೋಗ್ಬೇಕು" ಅನ್ನುತ್ತಾರೆ. "ಇದೇ ಮನೆ ಕಣ್ರೀ" ಅಂದರೆ ಎದುರಾಡದೆ ಬಂದು ಕೂತುಕೊಳ್ಳುತ್ತಾರೆ.

ನನ್ನ ವಿಚಾರ ಬಿಡು. ಬೆಳಗಿನ ಕಾಫಿಯಿಂದ ಹಿಡಿದು ಮಲಗುವ ಮುಂಚಿನ ಮಾತ್ರೆಯವರೆಗೆ ಕಣ್ಣೆದುರಿಗೇ ಇರುವವಳು ನಾನು, ನನ್ನನ್ನು ಎಲ್ಲಿ ಮರೆಯುತ್ತಾರೆ? ಅಷ್ಟೇ ಅಲ್ಲ, ಒಂದು ಸುದ್ದಿ ಹೇಳುತ್ತೇನೆ, ಗೋಡೆ ಹಿಡಿದುಕೊಂಡು ಓದು. ಇವರು ಈಗ ನನಗೆ ಬಹುವಚನ ಕೊಡುತ್ತಾರೆ! "ಬನ್ನಿ, ಕೂತ್ಕೊಳಿ, ತಾವೂ ಒಂಚೂರ್ ತಗೊಳಿ" ಅನ್ನುತ್ತಾರೆ. ನಮ್ಮ ಮದುವೆ ಛತ್ರದಲ್ಲಿ ಏನಾಯಿತೆಂದು ನಿನಗೆ ನೆನಪಿರಬೇಕು. ಹೋಮದ ಮುಂದೆ ಕೂತಾಗ, ಪುರೋಹಿತರ ಎದುರಿಗೇ "ಲೇ ಚಾಮಿ, ಸೆರಗ್ ಎತ್ಕಳೇ, ಬೆಂಕಿಗ್ ಬೀಳ್ತದೆ" ಅಂದರು. ನೀನು ಆ ಬೆಂಕಿಗಿಂತ ಜಾಸ್ತಿ ಉರಿದೆ. "ಈ ಮನುಷ್ಯ ಸಾಯೋದ್ರೊಳಗೆ ಒಂದಿನಾನಾದ್ರೂ ನಿನಗೆ ಬನ್ನಿ ಹೋಗಿ ಅಂತಾನೆ, ಬೇಕಾದ್ರೆ ಪಂತ" ಎಂದು ನನ್ನ ಕಿವಿಯಲ್ಲಿ ಹೇಳಿದೆ. ಒಂದು ಚಿಪ್ಪು ನಂಜನಗೂಡು ರಸಬಾಳೆಗೆ ಪಂತ ಕಟ್ಟಿದ್ದೆವು. ನೀನು ಗೆದ್ದೆ ತಾಯಿ. ರಸಬಾಳೆ ಈಗ ಹುಡುಕಿದರೂ ಸಿಗುವುದು ಕಷ್ಟ, ಏಲಕ್ಕಿ ಬಾಳೆಯಲ್ಲಿ ಸಮಾಧಾನ ಮಾಡಿಕೋ.

ಇಷ್ಟು ದಿನ ಕಾಗದ ಬರೆಯದೆ ಏನು ಕಡಿಯುತ್ತಿದ್ದೆ ಎಂದು ನೀನು ಕೇಳುತ್ತೀಯ. ಸ್ಟೀರಿಂಗ್ ತಿಕ್ಕುತ್ತಿದ್ದೆ. ನಗಬೇಡ, ಪೂರ್ತಿ ಓದು.

ಇವರ ಗೇಮ್ ಅಂಗಡಿ ಮುಚ್ಚಿದ ಮೇಲೆ ಎಲ್ಲ ಮಿಷನ್‌ಗಳೂ ಹೋದವು, ಜೋಡಿ ಗಾಡಿ ಒಂದು ಮಾತ್ರ ಉಳಿಯಿತು ಎಂದು ಹಿಂದೆ ಬರೆದಿದ್ದೆನಲ್ಲ. ಎರಡು ಸೀಟು, ಎರಡು ಪರದೆ, ಎರಡು ಸ್ಟೀರಿಂಗ್ ಇರುವ ಕಾರ್ ರೇಸಿನ ಮಿಷನ್ನು. ಚಾಮರಾಜಪುರಂನ ಅಂಗಡಿಯಲ್ಲಿ ಅದರ ಮುಂದೆ ಕ್ಯೂ ನಿಲ್ಲುತ್ತಿತ್ತು. ದಸರಾ ಬಂತೆಂದರೆ ಅದನ್ನು ಟೆಂಪೋಗೆ ಏರಿಸಿ ಎಕ್ಸಿಬಿಷನ್ನಿಗೆ ಒಯ್ಯುತ್ತಿದ್ದರು. "ಗೇಮ್ ಚೆಲುವಣ್ಣ" ಅಂದರೆ ಅರ್ಧ ಊರಿಗೆ ಗೊತ್ತಿತ್ತು. ಇವರು ಆ ಗಾಡಿಯೊಂದನ್ನು ಯಾರಿಗೂ ಕೊಡಲಿಲ್ಲ, ಯಾಕೆಂದು ನಿನಗೆ ಹೇಳಬೇಕಾಗಿಲ್ಲ. ಪಿ.ಯು.ಸಿ. ಪರೀಕ್ಷೆ ಬರೆದ ವರ್ಷ ನಾವಿಬ್ಬರೂ ಎಕ್ಸಿಬಿಷನ್ನಿಗೆ ಹೋಗಿ ಅಂಥದ್ದೇ ಗಾಡಿಯಲ್ಲಿ ಕೂತಿದ್ದೆವಲ್ಲ. ನೀನು ಎಡಗಡೆ, ನಾನು ಬಲಗಡೆ. ನಾನು ಕಾರನ್ನು ರಸ್ತೆ ಬಿಟ್ಟು ಎಲ್ಲೆಲ್ಲೋ ಓಡಿಸುತ್ತಿದ್ದೆ. ಟೋಕನ್ ಕೊಡುತ್ತಿದ್ದ ಆ ತೆಳ್ಳಗಿನ ಮನುಷ್ಯ ಗುರುತು ಪರಿಚಯ ಒಂದೂ ಇಲ್ಲದ ನನಗೆ "ಲೇ, ಬ್ರೇಕ್ ಒತ್ತೇ! ಬ್ರೇಕ್ ಒತ್ತೇ ಲೇ!" ಎಂದು ಕೂಗಿದ. ನೀನು ಎದ್ದು ನಿಂತು "ಯಾರಿಗ್ರೀ ಲೇ ಅಂತೀರಾ?" ಎಂದು ಜಗಳ ತೆಗೆದೆ. ಆ ಮನುಷ್ಯನಿಗೆ ನಾಚಿಕೆಯಾಗಿ ಇನ್ನೊಂದು ಆಟ ಪುಕ್ಕಟೆ ಬಿಟ್ಟ. ಅದರಲ್ಲೂ ನಾನು ಗೋಡೆಗೆ ಗುದ್ದಿದೆ. ಆಮೇಲೆ ಆದದ್ದೆಲ್ಲ ಊರಿಗೇ ಗೊತ್ತು.

ಈ ಸಲದ ಆಯುಧಪೂಜೆಯಿಂದ ಶುರುವಾಯಿತು ನೋಡು ಸ್ಟೀರಿಂಗಿನ ಕಥೆ. ಅಂಗಡಿ ಇದ್ದಾಗ ಜೋಡಿ ಗಾಡಿಗೆ ಪೂಜೆ ಆಗದೆ ಮನೆಯಲ್ಲಿ ಯಾರಿಗೂ ಊಟವಿರಲಿಲ್ಲ. ಮೊದಲನೇ ವರ್ಷವೇ ದೊಡ್ಡ ಸಮಸ್ಯೆ ಬಂದಿತ್ತು. ಎಲ್ಲರೂ ಗಾಡಿಯ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುತ್ತಾರೆ, ಇದಕ್ಕೆ ಚಕ್ರವೇ ಇಲ್ಲ, ನಿಂಬೆಹಣ್ಣು ಎಲ್ಲಿಡುವುದು? ಇವರು ಬಹಳ ಯೋಚನೆ ಮಾಡಿ ಆಕ್ಸಿಲರೇಟರ್ ಪೆಡಲಿನ ಕೆಳಗೆ ಇಟ್ಟರು. "ಲೇ ಚಾಮಿ, ಬಲಗಾಲಲ್ಲಿ ಒತ್ತೇ, ನಮ್ಮನೆ ಲಕ್ಷ್ಮಿ ನೀನು" ಅಂದರು. ಆವತ್ತಿನಿಂದ ಪ್ರತಿವರ್ಷ ಒತ್ತುವುದು ನನ್ನ ಕೆಲಸ. ಆ ಹುಳಿ ಇಳಿದು ಇಳಿದು ಪೆಡಲಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತಿತ್ತು. ಪ್ರತಿವರ್ಷ ಅದನ್ನು ಬದಲಾಯಿಸುತ್ತಿದ್ದರೇ ಹೊರತು ನಿಂಬೆಹಣ್ಣು ಬಿಡಲಿಲ್ಲ. ಸ್ಟೀರಿಂಗಿಗೆ ಗಂಧ, ಕುಂಕುಮ. ಪೂಜೆ ಆದಮೇಲೆ ಹೊಳೆಯಲಿ ಎಂದು ಮೇಲೆ ಕೊಬ್ಬರಿ ಎಣ್ಣೆ ಬೇರೆ.

ಈ ಸಲ ಪೂಜೆಯ ದಿನ ಇವರೇ ಕುಂಕುಮದ ಬಟ್ಟಲು ಹಿಡಿದುಕೊಂಡು ಓಡಾಡಿದರು. ಟಿ.ವಿ.ಗೆ ಇಟ್ಟರು, ಮಿಕ್ಸಿಗೆ ಇಟ್ಟರು, ತಮ್ಮ ಊರುಗೋಲಿಗೂ ಇಟ್ಟರು. ಆಮೇಲೆ ಏನೋ ಬಿಟ್ಟುಹೋಯಿತು ಎಂಬಂತೆ ಸುತ್ತಮುತ್ತ ನೋಡಿ, ಜೋಡಿ ಗಾಡಿ ಇಟ್ಟಿರುವ ಹಿತ್ತಲಿನ ತಗಡಿನ ಷೆಡ್ಡಿಗೆ ತಾವೇ ಹೋದರು. ಸಂತೋಷಕ್ಕೆ ನಾನೂ ಹಿಂದೆಯೇ ಓಡಿದೆ. ಟಾರ್ಪಾಲು ಎತ್ತಿ ಬಲಗಡೆಯ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದರು. ಷೆಡ್ಡಿನ ಕಾವಿಗೆ ಅದರ ರಬ್ಬರು ಹಲಸಿನ ಮೇಣದ ಹಾಗೆ ಆಗಿತ್ತು. ಕೈ ಅಂಟಿಕೊಂಡಿತು. ಎಳೆದರೆ ತಕ್ಷಣ ಬರಲಿಲ್ಲ. "ಯಾರೋ ಹಿಡ್ಕಂಡವ್ರೆ, ಬುಡ್ತಾ ಇಲ್ಲ, ಬುಡ್ಸಿ, ಬುಡ್ಸಿ" ಎಂದು ಕೂಗಿಕೊಂಡರು. ಬಿಡಿಸಿ, ಸೀಗೆಪುಡಿ ಹಾಕಿ ಕೈ ತೊಳೆದೆ. ಆವತ್ತು ಇವರು ಹೋಳಿಗೆ ಮುಟ್ಟಲಿಲ್ಲ. ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾ ಕೂತಿದ್ದರು.

ಧರಣಿ "ಅಮ್ಮಾ, ಅದ್ನ ಗುಜರಿಗ್ ಹಾಕ್ಬುಡಮ್ಮ, ಅಪ್ಪಂಗೆ ಭಯ ಆಯ್ತದೆ" ಅಂದಳು. ನಾನು ಒಪ್ಪಲಿಲ್ಲ. ಹೋದ ಸಲ ಡಾಕ್ಟರು ಒಂದು ಮಾತು ಹೇಳಿದ್ದರು. ಇಂಥವರಿಗೆ ಹಳೆಯ ಕೆಲಸ ಏನಾದರೂ ಇದ್ದರೆ ಕೈಗೆ ಕೊಡಿ, ತಲೆ ಮರೆತದ್ದನ್ನು ಕೆಲವು ಸಲ ಕೈ ನೆನಪಿಟ್ಟುಕೊಂಡಿರುತ್ತದೆ ಎಂದು. ಆ ಮಾತನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡಿದ್ದೆ. ಇವರು ಟಾರ್ಪಾಲು ಎತ್ತಿದ್ದು ತಾವಾಗಿಯೇ ತಾನೇ? ಬಲಗಡೆಯ ಸ್ಟೀರಿಂಗನ್ನೇ ಹಿಡಿದದ್ದು ತಾವಾಗಿಯೇ ತಾನೇ? ಆ ಅಂಟು ಒಂದು ಹೋಗಿಬಿಟ್ಟರೆ, ಮೊದಲಿನ ಹಾಗೆ ನುಣುಪಾಗಿಬಿಟ್ಟರೆ, ಆ ಸ್ಟೀರಿಂಗ್ ಹಿಡಿದ ಕೈಯಿಂದ ಇವರು ಒಂದು ಗಳಿಗೆಗಾದರೂ ನಮ್ಮ ಮನೆಗೆ ವಾಪಸ್ಸು ಬರುತ್ತಾರೆ ಎಂದು ನನಗೆ ಅನ್ನಿಸಿಬಿಟ್ಟಿತು ಸುಚಿ. ಅನ್ನಿಸಿದ ಮೇಲೆ ಮುಗಿಯಿತು, ನನ್ನ ಹಟ ನಿನಗೆ ಗೊತ್ತು.

ಮೊದಲು ಅದು ಕೊಳೆ ಅಂದುಕೊಂಡೆ. ಎಷ್ಟು ಜನರ ಬೆವರು, ಎಷ್ಟು ಮಕ್ಕಳ ಬೊಂಬಾಯಿ ಮಿಠಾಯಿ ಅದಕ್ಕೆ ಮೆತ್ತಿಲ್ಲ! ಪಾತ್ರೆ ತೊಳೆಯುವ ಸೋಪು ಹಾಕಿದೆ. ಇನ್ನೂ ಅಂಟಾಯಿತು. ಸೀಗೆಪುಡಿ ಹಾಕಿದೆ. ಪುಡಿಯೂ ಅದಕ್ಕೇ ಮೆತ್ತಿಕೊಂಡು ಕರಿದ ಚಕ್ಕುಲಿಯ ಥರ ಆಯಿತು. ಕೊನೆಗೆ ಎಡಗಡೆಯ ಸ್ಟೀರಿಂಗನ್ನು ಬಿಚ್ಚಿ ತಂದು, ಮನೆಗೆ ಬಣ್ಣ ಹೊಡೆದವರು ಬಿಟ್ಟುಹೋಗಿದ್ದ ಥಿನ್ನರ್ ಅದಕ್ಕೆ ಸುರಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಮೇಲಿನ ರಬ್ಬರು ಅಲ್ಲಲ್ಲಿ ಗುಳಿಬಿದ್ದು, ಸಿಡುಬು ಬಂದು ಹೋದ ಮುಖದಂತಾಯಿತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ. ಅದು ನಿನ್ನ ಕಡೆಯ ಸ್ಟೀರಿಂಗ್, ಕ್ಷಮಿಸು.

ಆ ಅಳು ನೋಡಿದ ಮೇಲೆ ಧರಣಿ ಗುಜರಿಯ ಮಾತು ಬಿಟ್ಟಳು. ಎಲ್ಲೆಲ್ಲೋ ವಿಚಾರಿಸಿಕೊಂಡು ಬಂದು ಹೇಳಿದಳು. ಅದು ಕೊಳೆ ಅಲ್ಲವಂತೆ. ಹಳೆಯದಾದಂತೆ ಮೇಲಿನ ರಬ್ಬರೇ ಒಳಗಿನಿಂದ ಕರಗಿ ಅಂಟಾಗುತ್ತದಂತೆ. ಎಣ್ಣೆ ಬಿದ್ದರೆ ಇನ್ನೂ ಬೇಗ. ಇವರು ಪ್ರೀತಿಯಿಂದ ಸವರಿದ ಕೊಬ್ಬರಿ ಎಣ್ಣೆಯೇ ಅದಕ್ಕೆ ಮುಳುವಾಗಿತ್ತು. ಇಂಜೆಕ್ಷನ್ ಕೊಡುವ ಮುಂಚೆ ತೋಳಿಗೆ ಒರೆಸುತ್ತಾರಲ್ಲ, ಆ ಸ್ಪಿರಿಟ್ ಬಾಟಲಿ ಮೆಡಿಕಲ್ ಸ್ಟೋರಿನಿಂದ ತಂದಳು. ನನ್ನ ಹಳೇ ವಾಯಿಲ್ ಸೀರೆಯೊಂದನ್ನು ಹರಿದು ಚೂರು ಮಾಡಿದೆವು. ನಡುವಿನ ಮುಚ್ಚಳ ಎಬ್ಬಿಸಿ, ಬೋಲ್ಟು ಬಿಚ್ಚಿ, ಬಲಗಡೆಯ ಸ್ಟೀರಿಂಗನ್ನು ಬಾಗಿಲಿನ ಗಾಳಿಗೆ ತಂದು, ಬಟ್ಟೆಗೆ ಸ್ಪಿರಿಟ್ ಅದ್ದಿ, ಒಂದು ಅಂಗೈ ಅಗಲದಷ್ಟೇ ಒರೆಸುವುದು. ಒಂದೇ ಕಡೆಗೆ ಒರೆಸಬೇಕು. ಹಿಂದೆ ಮುಂದೆ ತಿಕ್ಕಿದರೆ ಬಂದ ಕಪ್ಪು ಮತ್ತೆ ಅಲ್ಲೇ ಕೂರುತ್ತದೆ. ಬಟ್ಟೆ ಕಪ್ಪಾದ ಕೂಡಲೇ ಬಿಸಾಕಿ ಹೊಸ ಚೂರು ತೆಗೆದುಕೊಳ್ಳಬೇಕು. ಒಂದು ಸೀರೆ ಮುಗಿದು ಇನ್ನೊಂದಕ್ಕೆ ಕೈ ಹಾಕಿದೆ.

ಮೊದಲು ಬಂದದ್ದು ಕಪ್ಪಲ್ಲ ಕಣೇ, ಕೆಂಪು. ಅಷ್ಟೂ ವರ್ಷಗಳ ಆಯುಧಪೂಜೆಯ ಕುಂಕುಮ. ಎಣ್ಣೆ, ರಬ್ಬರಿನ ಜೊತೆ ಸೇರಿ ಒಳಗೇ ಕೂತಿತ್ತು. ಬಟ್ಟೆಯ ಮೇಲೆ ನೋಡಿದ ತಕ್ಷಣ ರಕ್ತ ಅಂದುಕೊಂಡು ಗಾಬರಿಯಾದೆ. ಗಂಧದ ವಾಸನೆ ಬಂತೋ, ಬಂತೆಂದು ನನಗೆ ಅನ್ನಿಸಿತೋ ಗೊತ್ತಿಲ್ಲ. ಒಂದು ಚೂರು ಬಟ್ಟೆಯನ್ನು ಬಿಸಾಕದೆ ಮಡಚಿ ಇಟ್ಟುಕೊಂಡಿದ್ದೇನೆ.

ಇವರು ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ಎಲ್ಲ ನೋಡುತ್ತಿದ್ದರು. ದಿನಕ್ಕಿಷ್ಟು ಎಂದು ಒರೆಸುತ್ತಾ ಹೋದೆ. ಒಂದು ಮಧ್ಯಾಹ್ನ ನನ್ನ ಕೈಯಿಂದ ಬಟ್ಟೆ ಇಸಿದುಕೊಂಡು ತಾವೇ ಒರೆಸತೊಡಗಿದರು. ಎಷ್ಟು ಚೆನ್ನಾಗಿ ಒರೆಸಿದರು ಅಂತೀಯ! ಹೆಬ್ಬೆರಳನ್ನು ಒಳಗಿನ ತಿರುವಿಗೆ ಕೊಟ್ಟು, ಹೊಲಿಗೆಯ ಗೀರಿನಲ್ಲಿ ಉಗುರು ಓಡಿಸಿ. ಡಾಕ್ಟರು ಹೇಳಿದ್ದು ನಿಜ ಸುಚಿ, ಕೈಗೆ ಎಲ್ಲ ನೆನಪಿತ್ತು. ಅಂದು ಧರಣಿ ಮತ್ತು ನಾನು ಸದ್ದು ಮಾಡದೆ ಹೊಸ ಚೂರು ಬಟ್ಟೆ ಕೊಡುತ್ತಾ ಹೋದೆವು, ಎಲ್ಲಿ ಕೆಟ್ಟುಹೋಗುತ್ತದೋ ಎಂದು.

ಅಂಟು ಪೂರ್ತಿ ಬಿಟ್ಟ ಮೇಲೆ ಸೋಪಿನ ನೀರಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಮೇಲೆ ಒಂದು ಕೈ ಪೌಡರ್ ಹಾಕಿದೆವು. ಮಗುವಿಗೆ ಸ್ನಾನ ಮಾಡಿಸಿದ ಹಾಗೇ. ನಾನು ಕೆಡಿಸಿದ ಎಡಗಡೆಯದನ್ನು ಉದಯಗಿರಿಯಲ್ಲಿ ಸೀಟ್ ಕವರ್ ಹೊಲಿಯುವವರ ಹತ್ತಿರ ಒಯ್ದೆ. ಅವರು ಅದರ ಮೈಯೆಲ್ಲ ನೋಡಿ "ಏನಮ್ಮಾ, ಇದಕ್ ಆಸಿಡ್ ಸುರಿದ್ರಾ?" ಅಂದರು. ಕಪ್ಪು ರೆಕ್ಸಿನ್ ಸುತ್ತಿ, ಒಳಗಡೆಯಿಂದ ಹೊಲಿಗೆ ಹಾಕಿ, ಕೊಟ್ಟರು. ನಿನ್ನ ಕಡೆಯದು ಈಗ ನನ್ನ ಕಡೆಯದಕ್ಕಿಂತ ಸೊಗಸಾಗಿದೆ.

ಹೋದ ಭಾನುವಾರ ಎರಡೂ ಸ್ಟೀರಿಂಗ್ ಜೋಡಿಸಿ ಗಾಡಿ ಆನ್ ಮಾಡಿದೆವು. ಅಂಗಡಿಯಲ್ಲಿ ಇವರ ಜೊತೆಗೆ ರಿಪೇರಿ ನೋಡಿಕೊಳ್ಳುತ್ತಿದ್ದ ಸಿದ್ದಪ್ಪಾಜಿಯವರನ್ನು ಕರೆಸಿದ್ದೆ. ಅವರು ವೈರು ನೋಡಿ, ಧೂಳು ಊದಿ, ಸ್ವಿಚ್ ಹಾಕಿದರು. ಎಡಗಡೆಯ ಪರದೆ ಏಳಲಿಲ್ಲ. ಬಲಗಡೆಯದು ಗುಂಯ್ ಎಂದು ಸ್ವಲ್ಪ ಹೊತ್ತು ನಡುಗಿತು, ಆಮೇಲೆ ಕೆಂಪು ಕಾರು, ರಸ್ತೆ, ಆಕಾಶ ಎಲ್ಲ ಬಂದವು. ಆ ಹಾಳು ಸಂಗೀತವೂ ಬಂತು. ಇವರು ಕುರ್ಚಿಯಿಂದ ಎದ್ದು ನಿಂತರು. ಅಂಗಿ ಸರಿಮಾಡಿಕೊಂಡರು. ಸ್ಟೀರಿಂಗ್ ಹಿಡಿದರು, ಬಿಟ್ಟರು, ಮತ್ತೆ ಹಿಡಿದರು, ಭಯ ಪಡಲಿಲ್ಲ. "ಸಿದ್ದಪ್ಪಾಜಿ, ಟೋಕನ್ ಡಬ್ಬ ಎಲ್ಲೋ?" ಅಂದರು! ಹೆಸರು ಹಿಡಿದು ಕರೆದರು ಕಣೇ! ಸಿದ್ದಪ್ಪಾಜಿಯವರು ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡರು. ಅಟ್ಟದಲ್ಲಿದ್ದ ಡಬ್ಬ ತಂದುಕೊಟ್ಟೆ. ಅದರಿಂದ ಒಂದು ಹಿತ್ತಾಳೆ ಬಿಲ್ಲೆ ತೆಗೆದು, ಅಂಗಿಗೆ ಉಜ್ಜಿ, ನನ್ನ ಕೈಗೆ ಕೊಟ್ಟು ಬಲಗಡೆಯ ಸೀಟು ತೋರಿಸಿದರು. ನಾನು ಕೂತು ಆಡಿದೆ. ಗೋಡೆಗೆ ಗುದ್ದಿದೆ. ಇವರು ಪಕ್ಕದಲ್ಲೇ ನಿಂತು ನೋಡಿದರು. ಧರಣಿ ಫೋಟೊ ತೆಗೆದಳು, ಇದರ ಜೊತೆ ಇಟ್ಟಿದ್ದೇನೆ. ನಾನು ನಗುತ್ತಿದ್ದೇನೆ ನೋಡು, ಹಲ್ಲು ಕಟ್ಟಿಸಿದ್ದು ಚೆನ್ನಾಗಿ ಕಾಣುತ್ತದೆ.

ಅಂತೂ ಹಿಡಿದ ಕೆಲಸ ಮುಗಿಸಿದೆ. ಈಗ ಇವರು ದಿನಾ ಬೆಳಿಗ್ಗೆ ಷೆಡ್ಡಿಗೆ ಹೋಗಿ ಎರಡೂ ಸ್ಟೀರಿಂಗ್ ಒರೆಸುತ್ತಾರೆ. ಕೊಬ್ಬರಿ ಎಣ್ಣೆಯ ಬಾಟಲಿಯನ್ನು ನಾನು ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟಿದ್ದೇನೆ.

ನಿನ್ನ ಮಂಡಿ ಬೇಗ ವಾಸಿಯಾಗಲಿ. ಮಗ ಸೊಸೆಗೆ ನನ್ನ ಆಶೀರ್ವಾದ ಹೇಳು, ಮೊಮ್ಮಗಳ ಕೆನ್ನೆಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು. ಬೆಟ್ಟದ ತಾಯಿ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ. ನಡೆಯುವ ಹಾಗಾದ ಕೂಡಲೇ ಬಂದು ನಾಲ್ಕು ದಿನ ಇದ್ದು ಹೋಗು.

ನಿನ್ನ
ಚಾಮಿ
(ಚಾಮುಂಡಮ್ಮ ಚೆಲುವಯ್ಯ)

ಮರೆತ ಮಾತು:

ಮರೆತದ್ದಲ್ಲ ಸುಚಿ, ಬರೆಯಲಾಗದೆ ಬಿಟ್ಟದ್ದು. ಕವರಿಗೆ ಗೋಂದು ಹಚ್ಚಿದವಳು ಮತ್ತೆ ಬಿಚ್ಚಿ ಕೂತಿದ್ದೇನೆ.

ಪಂತ ನೀನು ಗೆದ್ದಿಲ್ಲ. ಆ ಬಹುವಚನ ನನಗಲ್ಲ, ಈ ಮನೆಯಲ್ಲಿರುವ ಯಾರೋ ಅಮ್ಮಾವ್ರಿಗೆ. ಹೋದ ಯುಗಾದಿಯಿಂದ ಇವರಿಗೆ ನಾನು ಯಾರೆಂದು ಗೊತ್ತಿಲ್ಲ. ಕಾಫಿ ಕೊಟ್ಟರೆ "ನಿಮಗ್ಯಾಕ್ ತೊಂದ್ರೆ ಅಮ್ಮಾವ್ರೇ" ಅನ್ನುತ್ತಾರೆ. ಹಾಸಿಗೆ ಹಾಸಿದರೆ ನಾನು ಆಚೆ ಹೋಗುವ ತನಕ ಸಂಕೋಚದಿಂದ ನಿಂತೇ ಇರುತ್ತಾರೆ. ಧರಣಿಗೆ ಇದು ಪೂರ್ತಿ ಗೊತ್ತಿಲ್ಲ. ಜೀವನಪೂರ್ತಿ ನೀನು ನನಗೋಸ್ಕರ ಜಗಳ ಆಡಿದೆಯಲ್ಲ ಆ ಮರ್ಯಾದೆಗೆ, ಅದು ಬಂದಿದೆ. ನನಗೆ ಅದು ಬೇಡ ಕಣೇ. ನಾನು ಸೀರೆ ಹರಿದು ಆ ಸ್ಟೀರಿಂಗ್ ತಿಕ್ಕಿದ್ದು ಬರೀ ಒಂದು "ಲೇ"ಗೆ.

ಭಾನುವಾರ ನಾನು ಕಾರನ್ನು ಬೇಕೆಂದೇ ಗೋಡೆಗೆ ಗುದ್ದಿದೆ. ಸಿದ್ದಪ್ಪಾಜಿಯ ಹೆಸರು ಬಂತಲ್ಲ, ನನ್ನದೂ ಬರುತ್ತದೆ ಅಂದುಕೊಂಡೆ. ಬ್ರೇಕ್ ಒತ್ತಲಿಲ್ಲ. ಗುದ್ದಿದೆ, ಹಿಂದಕ್ಕೆ ತೆಗೆದು ಮತ್ತೆ ಗುದ್ದಿದೆ. ಈಗ ಕೂಗುತ್ತಾರೆ, ಈಗ ಬೈಯುತ್ತಾರೆ ಎಂದು ಕಿವಿ ಇಟ್ಟುಕೊಂಡು, ಆಟ ಮುಗಿಯುವವರೆಗೂ ಗುದ್ದುತ್ತಲೇ ಇದ್ದೆ. ಇವರು ಬಗ್ಗಿ, ನನ್ನ ಕೈಗೆ ತಮ್ಮ ಕೈ ತಾಕದ ಹಾಗೆ ಸ್ಟೀರಿಂಗನ್ನು ನೇರ ಮಾಡಿ, ಎಷ್ಟು ಮೆಲ್ಲಗೆ ಹೇಳಿದರು ಗೊತ್ತಾ:

"ಪರವಾಗಿಲ್ಲ ಅಮ್ಮಾವ್ರೇ, ಹೊಸಬ್ರಿಗೆ ಹಂಗೇ ಆಗೋದು. ನಾಳೆ ನಿಮ್ಮೆಜಮಾನ್ರನ್ನೂ ಕರ್ಕಂಡ್ ಬನ್ನಿ, ಪಕ್ಕದಲ್ಲಿ ಕೂತು ಹೇಳ್ಕೊಡ್ತಾರೆ."

"ಆಗ್ಲಿ, ಕರ್ಕಂಡ್ ಬರ್ತೀನಿ" ಅಂದೆ.